ಮಾವನ ಇನ್ನೂರ ಹನ್ನೆರಡು ಭಾನುವಾರಗಳು

ಲೈಲ್ ಟೆಸ್ಮರ್ ಏನು ಕೆಲಸ ಮಾಡುತ್ತಾನೆ ಎಂದು ಎಲ್ಮ್ ಪ್ರೇರಿ ಎಂಬ ಪುಟ್ಟ ಊರಿನಲ್ಲಿ ಯಾರನ್ನು ಕೇಳಿದರೂ "ಕಂಪ್ಯೂಟರ್‌ದು ಏನೋ" ಎನ್ನುತ್ತಿದ್ದರು. ಮೂವತ್ತನಾಲ್ಕು ವರ್ಷ ಆತ ನಲವತ್ತು ಮೈಲಿ ದೂರದ ಒಂದು ವಿಮಾ ಕಂಪನಿಗೆ ಕಾರು ಓಡಿಸಿಕೊಂಡು ಹೋಗಿ ಬಂದ. ಹಿಮ ಮೊಳಕಾಲುದ್ದ ಬಿದ್ದಾಗಲೂ ಹೋದ. ನವೆಂಬರಿನಲ್ಲಿ ಇಡೀ ಊರು ರಜೆ ಹಾಕಿ ಜಿಂಕೆ ಬೇಟೆಗೆ ಕಾಡು ಸೇರಿದಾಗಲೂ ಹೋದ. ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಗಂಡಸು ಜಿಂಕೆ ಬೇಟೆಗೆ ಹೋಗದಿದ್ದರೆ ಅವನಿಗೆ ಮೈಯಲ್ಲಿ ಹುಷಾರಿಲ್ಲ, ಇಲ್ಲವೇ ಮನೆಯಲ್ಲಿ ಸರಿಯಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಲೈಲ್‌ಗೆ ಎರಡೂ ಚೆನ್ನಾಗಿಯೇ ಇತ್ತು. ಆಫೀಸಿನಲ್ಲಿ ಎಲ್ಲರೂ ಬೇಟೆಗೆ ಹೋದ ವಾರ ತುಂಬ ನಿಶ್ಶಬ್ದವಾಗಿರುತ್ತದೆ, ಅದಕ್ಕೇ ಹೋಗುತ್ತಿದ್ದ, ಅಷ್ಟೇ.

ಕಂಪನಿಯ ಸಾವಿರಾರು ಕಾಗದಪತ್ರಗಳನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ಪ್ರೋಗ್ರಾಮುಗಳನ್ನು ಬರೆಯುವುದು ಅವನ ಕೆಲಸ. ಬೆಳಿಗ್ಗೆ ಬಂದು ಕುಳಿತರೆ ಪರದೆಯ ಮೇಲೆ ಒಂದು ಸಾಲು ಕಾದಿರುತ್ತಿತ್ತು: ಇಷ್ಟು ಹೊರಟವು, ಇಷ್ಟು ತಲುಪಿದವು. ಎರಡು ಅಂಕಿಯೂ ಒಂದೇ ಆಗಿದ್ದರೆ ಲೈಲ್ ಎದ್ದು ಹೋಗಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ಆ ಕಾಗದಗಳಲ್ಲಿ ಯಾರ ಕೊಟ್ಟಿಗೆ ಸುಟ್ಟುಹೋಗಿತ್ತು, ಯಾರ ಕಾಲು ಮುರಿದಿತ್ತು ಎಂದು ಒಂದು ದಿನವೂ ತೆರೆದು ನೋಡಲಿಲ್ಲ. ನೋಡುವುದು ಬೇರೆ ಮಹಡಿಯವರ ಕೆಲಸ.

ನಲವತ್ತರ ಹೊಸ್ತಿಲಲ್ಲಿ ಕಂಪನಿ ಅವನನ್ನು ಎರಡು ವಾರ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕಳಿಸಿತು. ಹೋದವನು ಮನಸೋತು ಬಂದ. ಜಾವಾದಲ್ಲಿ ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಜಾತಿ, ಒಂದು ಗೊತ್ತಾದ ಜಾಗ ಬೇಕು. ಒಂದು ನಮಸ್ಕಾರ ಹೇಳಬೇಕಾದರೂ ಐದು ಸಾಲು ಪೀಠಿಕೆ ಬರೆಯಬೇಕು. ಬೇರೆಯವರಿಗೆ ಅದು ತಲೆನೋವು. ಲೈಲ್‌ಗೆ ಮಾತ್ರ ಜಗತ್ತು ಕೊನೆಗೂ ಮರ್ಯಾದೆ ಕಲಿತ ಹಾಗೆ ಕಂಡಿತು. ಇಪ್ಪತ್ತು ವರ್ಷದ ಮೇಲೆ, ಬೇರೆ ಬೇರೆ ಭಾಷೆಗಳಲ್ಲಿ ಬರೆಯುವ ಹೊಸಬರು ಬಂದು "ಇನ್ನೂ ಜಾವಾನಾ, ತಾತಾ?" ಎಂದು ರೇಗಿಸಿದಾಗ ಅವನು ಸಿಟ್ಟಾಗಲಿಲ್ಲ. ಅವರು ಹೇಳಿದ್ದನ್ನೂ ಅವನು ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ಅವನ ಮಾವ ಲ್ಯಾಡಿ ಸ್ಕಾಲಾ ಬೇರೆಯೇ ಬಗೆಯ ಮನುಷ್ಯ. ವಾರದ ಐದು ದಿನ ಟ್ರ್ಯಾಕ್ಟರ್ ಮಾರುತ್ತಿದ್ದ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಊರಿನ ಪುಟ್ಟ ರೇಡಿಯೊ ಕೇಂದ್ರಕ್ಕೆ ಹೋಗಿ ಹನ್ನೊಂದರಿಂದ ಹನ್ನೆರಡರವರೆಗೆ ಪೋಲ್ಕಾ ಎಂಬ ಕುಣಿತದ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದ. ಇಪ್ಪತ್ತಾರು ವರ್ಷ ನಡೆಸಿದ. ಹೆಸರಿಗೆ ಹಾಡು, ಅರ್ಧ ಗಂಟೆ ಅಕಾರ್ಡಿಯನ್ ವಾದ್ಯವಾದರೆ ಇನ್ನರ್ಧ ಗಂಟೆ ಲ್ಯಾಡಿಯ ಬಾಯಿ. ಯಾರಿಗೆ ಮೊಮ್ಮಗು ಹುಟ್ಟಿತು, ಯಾವ ಚರ್ಚಿನಲ್ಲಿ ಬಾತುಕೋಳಿ ಊಟ, ಯಾರ ಹಸು ಬೇಲಿ ದಾಟಿದೆ, ಎಲ್ಲವೂ ಆ ಒಂದು ಗಂಟೆಯಲ್ಲಿ ಊರಿಗೆ ತಲುಪಬೇಕು. ನಡುನಡುವೆ ಹಿರಿಯರಿಗಾಗಿ ನಾಲ್ಕು ಮಾತು ಪೂರ್ವಿಕರು ಬಿಟ್ಟುಬಂದ ಬೊಹಿಮಿಯಾದ ಹಳೆಯ ಭಾಷೆಯಲ್ಲಿ. ಎಲ್ಮ್ ಪ್ರೇರಿಯ ಯಾವ ಅಡುಗೆಮನೆಯಲ್ಲೂ ಆ ಹೊತ್ತಿನಲ್ಲಿ ಬೇರೆ ಸದ್ದು ಇರುತ್ತಿರಲಿಲ್ಲ.

ಇಂಥ ಮಾವನಿಗೆ ಇಂಥ ಅಳಿಯ. ಪ್ರತಿ ವರ್ಷ ನವೆಂಬರಿನ ಹಬ್ಬದೂಟಕ್ಕೆ ಕುಳಿತಾಗ ಲ್ಯಾಡಿ ಟರ್ಕಿ ಕೋಳಿ ಕೊಯ್ಯುವ ಚಾಕು ಮೇಲೆತ್ತಿ ಒಂದೇ ಪ್ರಶ್ನೆ ಕೇಳುತ್ತಿದ್ದ:

"ಅಲ್ಲಾ ಅಳಿಯಂದ್ರೇ, ನಾನು ಟ್ರ್ಯಾಕ್ಟರ್ ಮಾರ್ತೀನಿ, ಕಣ್ಣಿಗೆ ಕಾಣುತ್ತೆ. ನೀವು ಮಾಡೋದನ್ನ ಯಾರಾದ್ರೂ ಕಣ್ಣಾರೆ ನೋಡಿದ್ದಾರಾ?"

ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ಲೈಲ್ ತಟ್ಟೆ ನೋಡಿಕೊಂಡು ಆಲೂಗಡ್ಡೆಯ ಮೇಲೆ ಸಾರು ಸುರಿದುಕೊಳ್ಳುತ್ತಿದ್ದ. ಮಾವನ ಲೆಕ್ಕದಲ್ಲಿ ತಾನು ಕೆಲಸಕ್ಕೆ ಬಾರದವನು ಎಂಬುದು ಅವನಿಗೆ ಮೊದಲ ವರ್ಷವೇ ಖಾತ್ರಿಯಾಯಿತು. ಒಮ್ಮೆ ಖಾತ್ರಿಯಾದದ್ದನ್ನು ಮತ್ತೆ ಪರೀಕ್ಷಿಸುವ ಅಭ್ಯಾಸ ಅವನಿಗಿರಲಿಲ್ಲ. ಭಾನುವಾರ ಊಟಕ್ಕೆ ಹೆಂಡತಿಯ ತವರಿಗೆ ಹೋದರೆ, ಒಳಗೆ ಅತ್ತೆ ಐರೀನ್ ಮತ್ತು ಹೆಂಡತಿ ಬರ್ನಡೀನ್ ರೇಡಿಯೊ ಹಚ್ಚಿಕೊಂಡು ಹಿಟ್ಟು ನಾದುತ್ತಿರುವಾಗ ಇವನು ಹೊರಗೆ ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಕಂಪ್ಯೂಟರ್ ಪತ್ರಿಕೆ ಓದುತ್ತಿದ್ದ. ಹನ್ನೆರಡು ಗಂಟೆಗೆ ಸರಿಯಾಗಿ ಒಳಗೆ ಬರುತ್ತಿದ್ದ. ಮಾವನ ಕಾರ್ಯಕ್ರಮವನ್ನು ಅವನು ಒಂದೇ ಒಂದು ಸಲವೂ ಕೇಳಲಿಲ್ಲ, ಮತ್ತು ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ. ಕಾರು ಮನೆಯ ಮುಂದೆಯೇ, ರಸ್ತೆಗೆ ಕಾಣುವಂತೆ ನಿಂತಿರುತ್ತಿತ್ತು.

ಲ್ಯಾಡಿ ತೀರಿಕೊಂಡ. ವರ್ಷ ತುಂಬುವುದರೊಳಗೆ ಐರೀನ್ ಕೂಡ ಹೋದಳು. ಲೈಲ್ ನಿವೃತ್ತನಾದ. ಲ್ಯಾಡಿ ಹೋಗಿ ಆರು ವರ್ಷವಾದ ಮೇಲೆ ಒಂದು ಅಕ್ಟೋಬರಿನಲ್ಲಿ ರೇಡಿಯೊ ಕೇಂದ್ರ ಮಾರಾಟವಾಯಿತು. ಕೊಂಡವರು ದೂರದೂರಿನವರು, ತಿಂಗಳ ಕೊನೆಗೆ ಹಳೆಯ ಜಾಲತಾಣ ಮುಚ್ಚುವುದಾಗಿ ಸ್ಥಳೀಯ ಪತ್ರಿಕೆಯಲ್ಲಿ ಹಾಕಿದರು. ಆ ತಾಣದ ಯಾವುದೋ ಮೂಲೆಯಲ್ಲಿ ಲ್ಯಾಡಿಯ ಕೊನೆಯ ನಾಲ್ಕು ವರ್ಷ ಚಿಲ್ಲರೆಯ ಕಾರ್ಯಕ್ರಮಗಳು ಧ್ವನಿಕಡತಗಳಾಗಿ ಕುಳಿತಿದ್ದವು. ಒಟ್ಟು ಇನ್ನೂರ ಹನ್ನೆರಡು ಭಾನುವಾರ.

ಬರ್ನಡೀನ್ ಪತ್ರಿಕೆಯನ್ನು ತಂದು ಗಂಡನ ಮುಂದಿಟ್ಟಳು.

"ಅಪ್ಪಂದು ಅಂತ ಈಗ ಉಳಿದಿರೋದು ಇಷ್ಟೇ. ಇದನ್ನ ನಂಗೆ ಇಳಿಸಿಕೊಡ್ತೀಯಾ?"

ಲೈಲ್ ಕನ್ನಡಕ ಮೂಗಿಗೇರಿಸಿದ. ನಿವೃತ್ತನಾದ ಎರಡು ವರ್ಷದಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ಒಂದು ಪ್ರೋಗ್ರಾಮ್ ಬರೀತೀನಿ."

"ಪ್ರೋಗ್ರಾಮ್ ಯಾಕೆ? ಒಂದೊಂದೇ ಒತ್ತಿ ಇಳಿಸ್ಕೊಂಡ್ರಾಗಲ್ವಾ? ನಾನೂ ಕೂತ್ಕೋತೀನಿ. ಕೇಳ್ತಾ ಕೇಳ್ತಾ ಇಳಿಸೋಣ."

"ಇನ್ನೂರ ಹನ್ನೆರಡು ಸಲ ಒತ್ತೋದಾ?" ಲೈಲ್‌ಗೆ ನಗುವೇ ಬಂತು. "ಅದು ಕೆಲಸ ಗೊತ್ತಿಲ್ಲದೋರು ಮಾಡೋದು ಮಾರಾಯ್ತಿ."

ಒಂದು ಕಡತವನ್ನು ಕೈಯಿಂದ ಇಳಿಸಲು ಅರ್ಧ ನಿಮಿಷ ಸಾಕು. ಕೆಲಸ ಗೊತ್ತಿಲ್ಲದವರು ಕುಳಿತಿದ್ದರೆ ಒಂದು ಮಧ್ಯಾಹ್ನಕ್ಕೆ ಎಲ್ಲ ಮುಗಿದು, ಸಂಜೆ ಕಾಫಿಗೆ ಎದ್ದಿರುತ್ತಿದ್ದರು. ಕೆಲಸ ಗೊತ್ತಿದ್ದ ಲೈಲ್ ಮೂರು ವಾರ ತೆಗೆದುಕೊಂಡ.

ಪಾಪ, ಅವನು ಸುಮ್ಮನೆ ಕುಳಿತಿರಲಿಲ್ಲ. ಅವನ ಪ್ರೋಗ್ರಾಮು ಒಂದು ಪುಟವನ್ನು ತರಿಸಿಕೊಳ್ಳುತ್ತಿತ್ತು. ಅದರಲ್ಲಿ ಬೇರೆ ಪುಟಗಳಿಗೆ ಹೋಗುವ ಕೊಂಡಿಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡುತ್ತಿತ್ತು. ಕೊಂಡಿ ಧ್ವನಿಕಡತದ್ದಾದರೆ ಇಳಿಸುವುದು, ಇನ್ನೊಂದು ಪುಟದ್ದಾದರೆ ಅಲ್ಲಿಗೂ ಹೋಗಿ ಹುಡುಕುವುದು. ಒಮ್ಮೆ ಹೋದ ಪುಟಕ್ಕೆ ಮತ್ತೆ ಹೋಗಬಾರದು. ಪರರ ಕಂಪ್ಯೂಟರಿಗೆ ತೊಂದರೆಯಾಗದಂತೆ ಎರಡೆರಡು ಸೆಕೆಂಡು ನಿಂತು ಮುಂದೆ ಹೋಗಬೇಕು. ಇಷ್ಟಕ್ಕೆ ಒಂದು ಪುಟ ಬರೆದರೆ ಸಾಕಿತ್ತು. ಲೈಲ್ ಹದಿನೇಳು ಪುಟ ಬರೆದ. ಹುಡುಕುವುದಕ್ಕೆ ಒಂದು ಭಾಗ, ಇಳಿಸುವುದಕ್ಕೆ ಒಂದು ಭಾಗ, ಇಳಿಸುವವನ ಮೇಲೆ ಕಣ್ಣಿಡಲು ಇನ್ನೊಂದು. ಮುಂದೆಂದಾದರೂ ಬೇರೆ ಯಾರದಾದರೂ ಮಾವನ ದನಿ ಬೇರೆ ಯಾವುದಾದರೂ ತಾಣದಿಂದ ಇಳಿಸಬೇಕಾಗಿ ಬಂದರೆ ಅದಕ್ಕೂ ಆಗುವ ಹಾಗೆ ಬರೆದಿದ್ದ.

ಎರಡನೆಯ ವಾರದಲ್ಲಿ ಮೊದಲ ಸಲ ಓಡಿಸಿ ಊಟಕ್ಕೆ ಎದ್ದ. ತಿರುಗಿ ಬಂದು ನೋಡಿದರೆ ಪ್ರೋಗ್ರಾಮು ಇನ್ನೂ ಓಡುತ್ತಿದೆ, ಒಂದು ಹಾಡೂ ಸಿಕ್ಕಿಲ್ಲ. ಎಲ್ಲಿದೆ ಎಂದು ಹುಡುಕಿದ. ತಾಣದಲ್ಲಿ ಊರಿನ ಸಮಾರಂಭಗಳ ಕ್ಯಾಲೆಂಡರ್ ಇತ್ತು; ಪ್ರತಿ ಪುಟದ ಕೆಳಗೂ 'ಮುಂದಿನ ತಿಂಗಳು' ಎಂಬ ಕೊಂಡಿ. ಹೇಳಿದ ಮಾತು ಮೀರದ ಪ್ರೋಗ್ರಾಮು ತಿಂಗಳಿನಿಂದ ತಿಂಗಳಿಗೆ ನಡೆದು ಇಪ್ಪತ್ತೊಂದನೆಯ ಶತಮಾನ ದಾಟಿ, ಎರಡು ಸಾವಿರದ ನೂರ ಮೂವತ್ತೆಂಟನೆಯ ಇಸವಿಯ ಮಾರ್ಚ್ ತಲುಪಿತ್ತು. ಆ ತಿಂಗಳು ಎಲ್ಮ್ ಪ್ರೇರಿಯಲ್ಲಿ ಯಾವ ಕಾರ್ಯಕ್ರಮವೂ ಇರಲಿಲ್ಲ.

ಲೈಲ್‌ಗೆ ಬೇಸರವಾಗಲಿಲ್ಲ, ಹುರುಪೇ ಬಂತು. ಕ್ಯಾಲೆಂಡರಿಗೆ ಬೇಲಿ ಹಾಕಿದ. ಈ ದಿನಗಳಲ್ಲಿ ಬರ್ನಡೀನ್ ದಿನಕ್ಕೊಮ್ಮೆ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು.

"ಅಪ್ಪ ಸಿಕ್ಕಿದ್ರಾ?"

"ಸಿಗ್ತಾರೆ."

"ಒಂದಾದ್ರೂ ಹಾಕಿ ಕೇಳಿದ್ಯಾ?"

"ಕೇಳೋ ಹಂತಕ್ಕೆ ಇನ್ನೂ ಬಂದಿಲ್ಲ."

ಇನ್ನೇನೋ ಹೇಳಲು ಹೊರಟವಳು ತುಟಿ ಬಿಗಿದು ಹೋಗುತ್ತಿದ್ದಳು.

ಅಕ್ಟೋಬರ್ ಮೂವತ್ತರ ಬೆಳಿಗ್ಗೆ ಕೊನೆಯ ಓಟ. ಮೊದಲ ಕಡತ ಇಳಿಯಿತು. ಎರಡನೆಯದಕ್ಕೆ ಪ್ರೋಗ್ರಾಮು ನಿಂತು ಕೆಂಪಕ್ಷರದಲ್ಲಿ ದೂರಿತು: ಈ ಹೆಸರಿನ ಕಡತ ಇಲ್ಲಿ ಆಗಲೇ ಇದೆ. ಲೈಲ್ ಹುಬ್ಬು ಗಂಟಿಕ್ಕಿದ. ಮೊನ್ನೆ ಪರೀಕ್ಷೆಗೆ ಓಡಿಸಿದಾಗಿನ ಕಸ ಉಳಿದಿರಬೇಕು ಎಂದು ತಾನೇ ತೀರ್ಪು ಕೊಟ್ಟುಕೊಂಡ. ಜಾವಾದಲ್ಲಿ ಈ ದೂರಿಗೆ ಒಂದು ಸುಲಭದ ಮದ್ದಿದೆ. ಅದೇ ಹೆಸರಿನದು ಇದ್ದರೆ ಹಳೆಯದನ್ನು ತೆಗೆದುಹಾಕಿ ಹೊಸದನ್ನು ಇಡು ಎಂದು ಒಂದೇ ಪದದಲ್ಲಿ ಹೇಳಬಹುದು. ವಿಮಾ ಕಂಪನಿಯಲ್ಲಿ ನೂರಾರು ಸಲ ಹಾಕಿದ ಪದ. ಬೆರಳು ತಾನಾಗಿ ಹೊಡೆಯಿತು. ಪ್ರೋಗ್ರಾಮು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಅವನು ಮೂವತ್ತನಾಲ್ಕು ವರ್ಷ ಪ್ರೀತಿಸಿದ ಸಾಲು ಬಂತು: ಸಿಕ್ಕಿದ್ದು ಇನ್ನೂರ ಹನ್ನೆರಡು, ಇಳಿದದ್ದು ಇನ್ನೂರ ಹನ್ನೆರಡು, ತಪ್ಪಿದ್ದು ಸೊನ್ನೆ.

ಅವನು ಎದ್ದು ಹೋಗಿ ಕಾಫಿ ಬಗ್ಗಿಸಿಕೊಂಡ. ಮರುದಿನ ತಾಣ ಮುಚ್ಚಿತು.

ನವೆಂಬರ್ ಎರಡು ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಮಾಡುವ ದಿನ. ಬರ್ನಡೀನ್ ಅಪ್ಪ ಅಮ್ಮನ ಗೋರಿಯ ಮೇಲಿನ ಎಲೆ ಗುಡಿಸಿ, ದೀಪ ಹಚ್ಚಿಟ್ಟು ಬಂದಳು. ಮನೆಯಲ್ಲಿ ಗಸಗಸೆ ಹೂರಣದ ಕೊಲಾಚೆ ಬನ್ನು ಮಾಡಿಟ್ಟಿದ್ದಳು. ಕಪ್ಪು ಉಡುಪು ಬದಲಾಯಿಸದೆ ಅಡುಗೆಮನೆಯ ಮೇಜಿಗೆ ಬಂದು ಕುಳಿತಳು.

"ಹೂಂ, ಹಾಕು. ಯಾವುದಾದ್ರೂ ಸರಿ."

ಲೈಲ್ ಲ್ಯಾಪ್‌ಟಾಪ್ ತೆರೆದು ಫೋಲ್ಡರ್ ಒತ್ತಿದ. ಅದರಲ್ಲಿ ಒಂದು ಕಡತ ಇತ್ತು.

ಕೆಳಗೆ ಸರಿಸಿದ. ಮೇಲೆ ಸರಿಸಿದ. ಮುಚ್ಚಿ ಮತ್ತೆ ತೆರೆದ. ಒಂದೇ ಇತ್ತು. ಏನಾಗಿದೆ ಎಂದು ತಿಳಿಯಲು ಅವನಿಗೆ ಹತ್ತು ಸೆಕೆಂಡು ಸಾಕಾಯಿತು, ಏಕೆಂದರೆ ಅವನಿಗೆ ಕೆಲಸ ಗೊತ್ತಿತ್ತು. ರೇಡಿಯೊ ಕೇಂದ್ರದವರು ಪ್ರತಿ ಭಾನುವಾರಕ್ಕೂ ಬೇರೆ ತಾರೀಕಿನ ಬೇರೆ ಫೋಲ್ಡರು, ಅಂದರೆ ಗೂಡು, ಮಾಡಿದ್ದರು, ಆದರೆ ಗೂಡಿನೊಳಗಿನ ಕಡತಕ್ಕೆಲ್ಲ ಒಂದೇ ಹೆಸರಿಟ್ಟಿದ್ದರು: ಶೋ. ಲೈಲ್‌ನ ಪ್ರೋಗ್ರಾಮು ಗೂಡಿನ ಹೆಸರು ಬಿಟ್ಟು ಕಡತದ ಹೆಸರನ್ನಷ್ಟೇ ತೆಗೆದುಕೊಂಡಿತ್ತು. ಒಂದೊಂದು ಭಾನುವಾರವೂ ಬಂದು ಹಿಂದಿನ ಭಾನುವಾರವನ್ನು ಹೊರಗೆ ನೂಕಿ ಅದೇ ಜಾಗದಲ್ಲಿ ಕುಳಿತಿತ್ತು. ಮೊದಲ ನೂಕಿಗೇ ಪ್ರೋಗ್ರಾಮು ಕೂಗಿ ಹೇಳಿತ್ತು. ಬಾಯಿ ಮುಚ್ಚಿಸಿದವನು ಇವನೇ.

"ಏನಾಯ್ತು?" ಎಂದಳು ಬರ್ನಡೀನ್.

"ಒಂದಿದೆ."

"ಒಂದು ಅಂದ್ರೆ?"

"ಇನ್ನೂರ ಹನ್ನೆರಡೂ ಬಂತು. ಒಂದು ಉಳಿದಿದೆ."

ಅವಳಿಗೆ ಅರ್ಥವಾಗಲಿಲ್ಲ. ಒಂದರ ಮೇಲೊಂದು ಬಿದ್ದು ಕೊನೆಯದಷ್ಟೇ ಉಳಿಯಿತು ಎಂದು ಲೈಲ್ ಹೇಳಿದ. ಉಳಿದ ಒಂದನ್ನು ಒತ್ತಿದ. ಅಕಾರ್ಡಿಯನ್ ಮೊಳಗಿತು. ಬರ್ನಡೀನ್ ಕಣ್ಣು ಮುಚ್ಚಿಕೊಂಡಳು. ಹಾಡು ಮುಗಿದು, ಯಾರೋ ಗಂಟಲು ಸರಿಮಾಡಿಕೊಂಡು, ಹೆದರುತ್ತ ಹೆದರುತ್ತ ಮಾತಾಡಿದರು: "ಇವತ್ತು... ಅಂದ್ರೆ ಈ ಭಾನುವಾರ... ಲ್ಯಾಡಿಗೆ ಹಲ್ಲು ಕೀಳಿಸಿದ್ದಾರೆ. ಅದಕ್ಕೆ ನಾನು, ಹಿಟ್ಟಿನ ಗಿರಣಿಯ ಪಾವ್ಲಿಕ್..."

ಇಪ್ಪತ್ತಾರು ವರ್ಷದಲ್ಲಿ ಲ್ಯಾಡಿ ಸ್ಕಾಲಾ ತಪ್ಪಿಸಿದ್ದು ಬೆರಳೆಣಿಕೆಯ ಭಾನುವಾರ. ಉಳಿದುಕೊಂಡದ್ದು ಅವುಗಳಲ್ಲೊಂದು.

ಪಾವ್ಲಿಕ್ ತೊದಲುತ್ತಲೇ ಇದ್ದ. ಬರ್ನಡೀನ್ ಕಣ್ಣು ತೆರೆದು ಗಂಡನನ್ನು ನೋಡಿದಳು.

"ನೀನು ಒಂದನ್ನೂ ಕೇಳ್ಲಿಲ್ಲ."

"ಲೆಕ್ಕ ಸರಿಯಾಗಿತ್ತಲ್ಲ ಅಂತ..."

"ಎರಡು ಹಾಕಿ ಕೇಳಿದ್ರೆ ಗೊತ್ತಾಗ್ತಿತ್ತು. ಎರಡೇ ಎರಡು."

ಅಷ್ಟೇ ಹೇಳಿ ಎದ್ದು ಲೋಟ ತೊಳೆಯಲು ಹೋದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬೈದು ಕೂಗಾಡಿದ್ದರೆ ಲೈಲ್ ಕೇಳಿಸಿಕೊಳ್ಳದೆ ಇರಬಹುದಿತ್ತು. ಈ ಮೌನವನ್ನು ಕೇಳಿಸಿಕೊಳ್ಳದೆ ಇರುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ.

ಮುಂದಿನ ನಾಲ್ಕು ದಿನ ಅವನು ಮಾಡದ ಪ್ರಯತ್ನವಿಲ್ಲ. ಹೊಸ ಯಜಮಾನರಿಗೆ ಫೋನು ಹಚ್ಚಿದ. ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಆಗಿದೆ ಎಂದರು. ಹಳೆಯ ಜಾಲಪುಟಗಳನ್ನು ಕೂಡಿಡುವ ಕಡೆಯೂ ಹುಡುಕಿದ. ಪುಟಗಳು ಇದ್ದವು, ದನಿ ಇರಲಿಲ್ಲ. ಕ್ಯಾಲೆಂಡರ್ ಮಾತ್ರ ಚೆನ್ನಾಗಿ ಉಳಿದಿತ್ತು.

ಶುಕ್ರವಾರ ಸಂಜೆ ಊರಿನ ಸಭಾಂಗಣದಲ್ಲಿ ಎಂದಿನಂತೆ ಮೀನಿನ ಊಟ. ಕರಿದ ಪರ್ಚ್ ಮೀನು, ರೈ ಬ್ರೆಡ್ಡು, ಎಲೆಕೋಸಿನ ಕೋಸಂಬರಿ, ಬ್ರಾಂದಿ. ಲೈಲ್ ಅಲ್ಲಿಗೆ ಹೋಗುವುದು ತಿನ್ನಲಿಕ್ಕೆ. ತಿಂದು, ಕೋಟು ಹಾಕಿಕೊಂಡು ಬಾಗಿಲ ಬಳಿ ಹೆಂಡತಿಗಾಗಿ ಕಾಯುವುದು ಅವನ ಪದ್ಧತಿ. ಆ ದಿನ ಬರ್ನಡೀನ್ ತಲೆನೋವೆಂದು ಬಂದಿರಲಿಲ್ಲ. ಲೈಲ್ ಒಬ್ಬನೇ ಬಂದ, ತಟ್ಟೆ ಮುಟ್ಟಲಿಲ್ಲ. ಲಾಟರಿ ನಂಬರು ಕೂಗುವ ಮೈಕಿನ ಹತ್ತಿರ ನೆಟ್ಟಗೆ ಹೋಗಿ ನಿಂತ. ಗದ್ದಲ ತಾನಾಗಿ ಇಳಿಯಿತು. ಲೈಲ್ ಟೆಸ್ಮರ್ ಮೈಕ್ ಹಿಡಿದದ್ದನ್ನು ಊರು ಅದೇ ಮೊದಲು ನೋಡುತ್ತಿತ್ತು.

"ಲ್ಯಾಡಿ ಅವರ ಕಾರ್ಯಕ್ರಮ ಎಲ್ಲಾ... ನನ್ನ ಕೈಯಿಂದ ಹೋಯ್ತು. ಇಳಿಸೋಕೆ ಹೋಗಿ ಕಳೆದುಬಿಟ್ಟೆ. ಯಾರ ಮನೇಲಾದ್ರೂ ಹಳೇ ಕ್ಯಾಸೆಟ್ ಇದ್ರೆ, ದಯವಿಟ್ಟು."

ಬ್ರಾಂದಿ ಮೇಜಿನಿಂದ ಒಂದು ದನಿ: "ಏನಯ್ಯಾ ಲೈಲ್, ಮೂವತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿ ಹಿಂಗಾ?"

"ಅವನು ಮಾಡೋದನ್ನ ಯಾರೂ ನೋಡಿಲ್ಲ ಅಂತ ಲ್ಯಾಡಿ ಸುಮ್ನೆ ಹೇಳ್ತಿದ್ನಾ!" ಎಂದ ಇನ್ನೊಬ್ಬ. ನಗು ಹಬ್ಬಿತು. ಲೈಲ್ ಮೈಕ್ ಹಿಡಿದು ನಿಂತೇ ಇದ್ದ. ಓಡಿಹೋಗದೆ ನಿಂತ ಅವನನ್ನು ನೋಡಿ ನಗು ಅಷ್ಟಕ್ಕೇ ತಣ್ಣಗಾಯಿತು.

ಕಿಟಕಿಯ ಪಕ್ಕದಿಂದ ಕೋಲೂರಿಕೊಂಡು ಎದ್ದವಳು ಲಿಬ್ಬಿ ಪಾವ್ಲಿಕ್. ಗಿರಣಿಯ ಪಾವ್ಲಿಕ್‌ನ ಹೆಂಡತಿ, ಈಗ ವಿಧವೆ, ಎಂಬತ್ತನಾಲ್ಕರ ಮುದುಕಿ. ಊರಿಗೆಲ್ಲ ಲಿಬ್ಬಿ ಅತ್ತೆ.

"ನಿಲ್ಸ್ರೋ ನಿಮ್ಮ ಹಲ್ಲು ಕಿಸಿಯೋದನ್ನ. ಲೈಲ್, ಬಾರೋ ಇಲ್ಲಿ. ನಮ್ಮಕ್ಕ ಅರಿಜೋನಾಕ್ಕೆ ಹೋದ್ಮೇಲೆ ಲ್ಯಾಡಿ ಕೇಳ್ಬೇಕು, ಕೇಳ್ಬೇಕು ಅಂತ ಪ್ರಾಣ ತಿಂತಿದ್ಲು. ಭಾನುವಾರ ಭಾನುವಾರ ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತುಂಬಿ ಅಂಚೆಗೆ ಹಾಕ್ತಿದ್ದೆ. ಅವಳು ಸತ್ಮೇಲೆ ಅವಳ ಮಗಳು ಎಲ್ಲಾನೂ ವಾಪಸ್ ಕಳಿಸಿದ್ಲು. ಕೆಳಗಿನ ಕೋಣೇಲಿ ಬಿದ್ದಿದೆ, ಶೂ ಡಬ್ಬಗಳಲ್ಲಿ."

"ಎಷ್ಟಿದೆ ಅತ್ತೆ?"

"ಯಾರು ಎಣಿಸಿದ್ರು? ಬಂದು ತಗೊಂಡು ಹೋಗು. ಒಂದು ಮಾತು ಮಾತ್ರ. ಕೇಳ್ತೀಯಾ ತಾನೇ? ಈ ಸಲನಾದ್ರೂ?"

"ಕೇಳ್ತೀನಿ."

"ನೀನಾ!" ಎಂದು ಲಿಬ್ಬಿ ಅತ್ತೆ ಅವನ ತೋಳಿಗೊಂದು ಏಟು ಹಾಕಿದಳು. ಅಕ್ಕಪಕ್ಕದ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟೆಗೆ ಬಗ್ಗಿದರು.

ಅರವತ್ತಮೂರು ಕ್ಯಾಸೆಟ್ ಸಿಕ್ಕವು. ಪ್ರತಿಯೊಂದರ ಮೇಲೂ ನೀಲಿ ಶಾಯಿಯಲ್ಲಿ ಒಂದೇ ಬರಹ: 'ಲ್ಯಾಡಿ, ಭಾನುವಾರ'. ತಾರೀಕಿಲ್ಲ, ವರ್ಷವಿಲ್ಲ. ಎಲ್ಲದಕ್ಕೂ ಅದೇ ಹೆಸರಿದ್ದರೂ ಅವು ಒಂದನ್ನೊಂದು ನೂಕದೆ ಡಬ್ಬದಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ಲೈಲ್ ಅದನ್ನು ಬಹಳ ಹೊತ್ತು ನೋಡಿದ.

ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ತುಂಬಬೇಕಾದರೆ ಕ್ಯಾಸೆಟ್ ಹಾಕಿ ಮೊದಲಿಂದ ಕೊನೆಯತನಕ ಓಡಿಸಲೇಬೇಕು. ಒಂದು ಗಂಟೆಯ ಲ್ಯಾಡಿಗೆ ಒಂದು ಗಂಟೆ. ಯಾವ ವರ್ಷದ್ದು ಎಂದು ಗುರುತಿಸಬೇಕಾದರೆ ಕಿವಿಗೊಟ್ಟು ಕೇಳಬೇಕು. ಕೆಲವು ಟೇಪುಗಳ ಮೇಲೆ ಲಿಬ್ಬಿ ಅತ್ತೆಯ ಗಂಡ ಫುಟ್‌ಬಾಲ್ ಆಟ ತುಂಬಿದ್ದ, ಅವನ್ನು ಬೇರೆ ತೆಗೆಯಬೇಕು. ಲೈಲ್‌ನ ಕೈ ಒಮ್ಮೆ ಕಡಿಯಿತು: ಸದ್ದಿಲ್ಲದ ಜಾಗ ಹುಡುಕಿ ಹಾಡು ಬೇರೆ, ಮಾತು ಬೇರೆ ಮಾಡುವ ಒಂದು ಸಣ್ಣ ಪ್ರೋಗ್ರಾಮು ಬರೆದರೆ ಹೇಗೆ? ಆದರೆ ಲ್ಯಾಡಿ ಸದ್ದಿಲ್ಲದ ಜಾಗವನ್ನೇ ಬಿಟ್ಟವನಲ್ಲ. ಹಾಡಿನ ಮೇಲೂ ಮಾತಾಡುತ್ತಿದ್ದ.

ಹಾಗಾಗಿ ಲೈಲ್ ಕುಳಿತ. ದಿನ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಅಡುಗೆಮನೆಯ ಮೇಜಿನ ಮೇಲೆ ಟೇಪ್‌ರೆಕಾರ್ಡರ್, ಪಕ್ಕದಲ್ಲಿ ನೋಟುಪುಸ್ತಕ. ಮೊದಲ ದಿನ ಶಿಕ್ಷೆಯ ಹಾಗಿತ್ತು. ಮೂರನೆಯ ದಿನ ಬೇಲಿ ದಾಟಿದ ಹಸು ಯಾರದೆಂದು ತಿಳಿಯುವುದರೊಳಗೆ ಟೇಪು ಮುಗಿದುಹೋದದ್ದಕ್ಕೆ ಅವನಿಗೆ ಸಿಟ್ಟು ಬಂತು. ಬರ್ನಡೀನ್ ಮೊದಲು ದೂರದಲ್ಲೇ ಸುಳಿಯುತ್ತಿದ್ದಳು. ವಾರ ಕಳೆಯುವುದರೊಳಗೆ ಬಟ್ಟೆ ಮಡಚುವ ನೆಪದಲ್ಲಿ ಮೇಜಿನ ಆ ಕಡೆ ಬಂದು ಕುಳಿತಳು. ಅಪ್ಪನ ಹಳೆಯ ತಮಾಷೆಗೆ ಅವಳು ನಕ್ಕಾಗ ಲೈಲ್ ಕೈ ಎತ್ತಿ "ಶ್, ಮುಂದಿಂದು ಕೇಳಿಸಲ್ಲ" ಎಂದ. ಬರ್ನಡೀನ್ ಅವನನ್ನು ವಿಚಿತ್ರವಾಗಿ ನೋಡಿದಳು.

ಇಪ್ಪತ್ತೆರಡನೆಯ ಟೇಪು. ಕರಕರ ಸದ್ದು, ಲಿಬ್ಬಿ ಅತ್ತೆಯ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಶಬ್ದ. ಎರಡು ಪೋಲ್ಕಾ, ಒಂದು ವಾಲ್ಟ್ಜ್. ಲ್ಯಾಡಿ ಸಾಯುವುದಕ್ಕೆ ಮೂರು ವರ್ಷ ಮುಂಚೆ ಐರೀನ್ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಚಳಿಗಾಲದ್ದು ಎಂದು ಮಾತಿನಿಂದ ತಿಳಿಯಿತು. ಲೈಲ್ ಇಸವಿ ಬರೆದುಕೊಳ್ಳುತ್ತಿದ್ದ.

"ಈಗ ಒಂದು ಗುಟ್ಟು ಹೇಳ್ತೀನಿ," ಎಂದ ಲ್ಯಾಡಿ. "ನಮ್ಮನೆ ಅಳಿಯಂದ್ರು ಈ ಕಾರ್ಯಕ್ರಮ ಕೇಳಲ್ಲ. ಈಗ್ಲೂ ಕಾರಲ್ಲಿ ಕೂತಿರ್ತಾನೆ. ಅದಕ್ಕೇ ಧೈರ್ಯವಾಗಿ ಹೇಳ್ಬಹುದು. ಐರೀನ್ ಆಸ್ಪತ್ರೆಗೆ ಹೋಗಿ ಇವತ್ತಿಗೆ ಹನ್ನೊಂದು ದಿನ. ಹನ್ನೊಂದು ದಿನಾನೂ ನಾನು ಏಳೋದ್ರೊಳಗೆ ನಮ್ಮನೆ ಮುಂದಿನ ಹಿಮ ಯಾರೋ ತೆಗೆದು ಹೋಗಿರ್ತಾರೆ. ಜಾರದ ಹಾಗೆ ಮೆಟ್ಟಲಿಗೆ ಉಪ್ಪು ಬೇರೆ ಹಾಕಿರ್ತಾರೆ. ಯಾರಪ್ಪಾ ಪುಣ್ಯಾತ್ಮ ಅಂತ ಗುರುವಾರ ಬೇಗ ಎದ್ದು ಪರದೆ ಸಂದೀಲಿ ನೋಡ್ದೆ. ಇವನೇ! ಆಫೀಸಿಗೆ ಹೋಗೋ ಕೋಟಲ್ಲೇ, ಸದ್ದಾಗಬಾರ್ದು ಅಂತ ಸಲಿಕೇನ ಮೆಲ್ಲಗೆ, ಮೆಲ್ಲಗೆ ಇಡ್ತಾವ್ನೆ. ಅವನು ಏನು ಕೆಲಸ ಮಾಡ್ತಾನೋ ದೇವರಾಣೆ ನಂಗೆ ಇವತ್ತಿಗೂ ಗೊತ್ತಿಲ್ಲ. ಆದ್ರೆ ನನ್ನ ಮಗಳು ಒಳ್ಳೇವನ ಕೈ ಹಿಡಿದಿದ್ದಾಳೆ ಅನ್ನೋದು ಗೊತ್ತಾಯ್ತು. ನೋಡಿ, ಯಾರೂ ಅವನಿಗೆ ಹೇಳ್ಬೇಡಿ. ಹೇಳಿದ್ರೆ ನಾಚ್ಕೊಂಡು ಬರೋದೇ ಬಿಡ್ತಾನೆ, ನಾಳೆ ಹಿಮ ನಾನೇ ತೆಗೀಬೇಕಾಗುತ್ತೆ!"

ಅಕಾರ್ಡಿಯನ್ ಶುರುವಾಯಿತು.

ಲೈಲ್‌ನ ಪೆನ್ಸಿಲು ಇಸವಿಯ ಮೂರನೆಯ ಅಂಕಿಯಲ್ಲಿ ನಿಂತಿತ್ತು. ತಲೆ ಎತ್ತದೆ ಕೇಳಿದ:

"ನಿಂಗೆ ಗೊತ್ತಿತ್ತಾ?"

"ಅವತ್ತು ಅಡುಗೆಮನೇಲಿ ನಾನೇ ರೇಡಿಯೊ ಪಕ್ಕ ನಿಂತಿದ್ದೆ."

"ಊರಿಗೆ?"

"ಊರಿಗೆಲ್ಲ ಗೊತ್ತು."

"ಇಷ್ಟು ವರ್ಷ ಒಬ್ರೂ ಒಂದು ಮಾತು ಹೇಳ್ಲಿಲ್ವಲ್ಲ ಬರ್ನಡೀನ್!"

"ಅಪ್ಪ ಬೇಡ ಅಂದಿದ್ರಲ್ಲ." ಅವಳು ಮಡಚಿದ ಟವಲನ್ನು ಬಿಚ್ಚಿ ಮತ್ತೆ ಮಡಚಿದಳು. "ಹೇಳೋ ಹಂಗಿರ್ಲಿಲ್ಲ. ಅದಕ್ಕೇ ಇಳಿಸ್ಕೊಡು ಅಂದೆ. ಇಳಿಸ್ವಾಗ ನೀನೇ ಕೇಳ್ತೀಯ ಅಂದ್ಕೊಂಡೆ."

ಲೈಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಹಾಡು ಮುಗಿದು ಲ್ಯಾಡಿ ಮುಂದಿನ ಭಾನುವಾರದ ಬಾತುಕೋಳಿ ಊಟದ ವಿವರ ಓದಲು ಹಿಡಿದ. ಗಂಡನ ಮುಖ ನೋಡಲಾರದೆ ಬರ್ನಡೀನ್ ಟೇಪು ನಿಲ್ಲಿಸಲು ಕೈ ಚಾಚಿದಳು. ಲೈಲ್ ಆ ಕೈಯನ್ನು ಹಿಡಿದುಕೊಂಡ.

"ಇರು," ಎಂದ. "ಇನ್ನೂ ಹೇಳ್ತಿದ್ದಾರೆ."